ನಕ್ಷೆ ಚೆಂದವಿದೆ, ನಡೆಯುವವರು ಯಾರು?

ಪ್ರಶ್ನೆ: ನಮ್ಮದು ಶಿರಸಿಯಿಂದ ಹನ್ನೆರಡು ಕಿ.ಮೀ. ದೂರದ ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ, ಎರಡು ಆಕಳು. ಮನೆಯಲ್ಲಿ ಐದು ಜನ: ಮಂಡಿ ನೋವಿರುವ 74 ವರ್ಷದ ಅತ್ತೆ, ತೋಟ ನೋಡಿಕೊಳ್ಳುವ ಪತಿ, ಹೈಸ್ಕೂಲಿನ ಇಬ್ಬರು ಮಕ್ಕಳು, ಶಾಲಾ ಶಿಕ್ಷಕಿಯಾದ ನಾನು. ಬೆಳಿಗ್ಗೆ ಎಂಟೂವರೆಯ ಬಸ್ಸು ತಪ್ಪುವಂತಿಲ್ಲ. ಹಳೆಯ ಮನೆ ಇರುವ ಜಾಗದಲ್ಲಿಯೇ 32 ಅಡಿ ಅಗಲ, 50 ಅಡಿ ಉದ್ದದ ಹೊಸ ಮನೆಗೆ ನಕ್ಷೆ ಮಾಡಿಸಿದ್ದೇವೆ. ಪೂರ್ವಕ್ಕೆ ಬಾಗಿಲು. ಮುಂದೆ ಜಗಲಿ, ನಡುವೆ 16 ಅಡಿಗೆ 20 ಅಡಿಯ ಹಾಲ್, ಆಗ್ನೇಯ ಮೂಲೆಯಲ್ಲಿ ಹಾಲಿಗೆ ತೆರೆದುಕೊಂಡ ಅಡುಗೆಮನೆ, ಹಾಲಿನ ಒಳಗಿನಿಂದಲೇ ಮಹಡಿಗೆ ಮೆಟ್ಟಿಲು. ಹಿಂಬಾಗಿಲ ಹೊರಗೆ ನಾಲ್ಕು ಅಡಿ ಅಗಲದ ಯುಟಿಲಿಟಿ. ಬಾವಿ, ಕೊಟ್ಟಿಗೆ, ತೋಟದ ದಾರಿ ಎಲ್ಲವೂ ಪಶ್ಚಿಮಕ್ಕೆ, ಹಿತ್ತಿಲ ಕಡೆ. ಹಳೆಯ ಮನೆಯ ಹಾಗೆಯೇ ಕಟ್ಟಿ ಎಂದು ಚಿಕ್ಕಮಾವ ಹೇಳುತ್ತಾರೆ. ಅಡುಗೆಮನೆಯನ್ನು ಅಲ್ಲಿಂದ ಕದಲಿಸಬೇಡಿ ಎಂದು ವಾಸ್ತು ನೋಡಿದವರು ಹೇಳಿದ್ದಾರೆ. ಮನೆ ದೊಡ್ಡದಿದೆ, ಎಲ್ಲವೂ ಹೊಂದಿಕೊಳ್ಳುತ್ತದೆ ಎಂದು ಎಂಜಿನಿಯರ್ ಧೈರ್ಯ ಕೊಡುತ್ತಾರೆ. ಮಳೆಗಾಲದಲ್ಲಿ ಪತಿ ತೋಟದಿಂದ ಬಂದರೆ ಒದ್ದೆ ರೇನ್‌ಕೋಟನ್ನು ಎಲ್ಲಿ ಇಡುತ್ತಾರೆ ಎಂಬ ನನ್ನ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ. ಈ ಮನೆಯಲ್ಲಿ ಇಡೀ ದಿನ ನಡೆದೇ ಸುಸ್ತಾಗುತ್ತೇನೆ ಎಂಬ ಅಂಜಿಕೆ ನನಗೆ. ಇದು ಸುಮ್ಮನೆ ಭಯವೇ?

ಉತ್ತರ: ಸುಮ್ಮನೆ ಭಯವಲ್ಲ. ರೇನ್‌ಕೋಟಿನ ಪ್ರಶ್ನೆ ನಿಮ್ಮ ನಕ್ಷೆಯ ಬಗ್ಗೆ ಕೇಳಬಹುದಾದ ಅತ್ಯಂತ ಮುಖ್ಯ ಪ್ರಶ್ನೆ. ಘಟ್ಟದ ಮೇಲೆಯೂ ಕೆಳಗೆಯೂ ಬಹಳ ವರ್ಷ ಮನೆಗಳನ್ನು ಕಟ್ಟಿಸಿದ್ದೇನೆ. ಒಂದೆರಡು ವರ್ಷ ಕಳೆದು ಆ ಮನೆಗಳಿಗೆ ಹೋದಾಗ ಹಾಲು ಕಿರಿದಾಯಿತೆಂದು ದೂರಿದವರು ಕಡಿಮೆ. ‘ಮಳೆಗಾಲದಲ್ಲಿ ಮನೆಯೊಳಗೆ ಕಾಲಿಡುವ ಹಾಗಿಲ್ಲ’ ಎಂದು ದೂರಿದವರು ಬಹಳ.

ನಿಮ್ಮ ನಕ್ಷೆಯಲ್ಲಿ ಒಲೆ ಇರುವುದು ಮುಂದಿನ ಮೂಲೆಯಲ್ಲಿ. ಒಲೆಗೆ ಸಂಬಂಧಪಟ್ಟ ಎಲ್ಲವೂ ಇರುವುದು ಹಿಂದೆ. ಅಕ್ಕಚ್ಚು ಕೊಟ್ಟಿಗೆಗೆ ಹೋಗಬೇಕು, ಹಾಲು ಕೊಟ್ಟಿಗೆಯಿಂದ ಬರಬೇಕು. ಪಾತ್ರೆ ತೊಳೆಯುವುದು ಹಿಂದೆ, ಬಾಳೆಲೆ, ಕರಿಬೇವು, ಕಾಯಿ ಎಲ್ಲ ಹಿಂದೆ, ಬಟ್ಟೆ ಹಿಂದೆ, ಬಚ್ಚಲ ಉರಿ ಹಿಂದೆ. ನೀವು ಹೇಳಿದ ಅಳತೆಯಲ್ಲಿ ಒಲೆಯಿಂದ ಯುಟಿಲಿಟಿಗೆ ಸುಮಾರು 45 ಅಡಿ. ಅಡುಗೆಮನೆ ಹಿಂಬದಿಗೆ ಬಂದರೆ ಅದೇ ದೂರ 12 ಅಡಿ. ವ್ಯತ್ಯಾಸ ಹೋಗಲು 33 ಅಡಿ, ಬರಲು 33 ಅಡಿ. ದಿನಕ್ಕೆ ಮೂವತ್ತು ಸಲ ಎಂದು ಹಿಡಿಯಿರಿ. ಆಕಳಿರುವ ಮನೆಯಲ್ಲಿ ಇದು ಹೆಚ್ಚಿನ ಲೆಕ್ಕವೇನಲ್ಲ. ದಿನಕ್ಕೆ 600 ಮೀಟರ್, ವರ್ಷಕ್ಕೆ ಸುಮಾರು 219 ಕಿ.ಮೀ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಿ ಹಿಂತಿರುಗಿದರೆ 120 ಕಿ.ಮೀ. ಆಸುಪಾಸು ಆಗುತ್ತದೆ. ಒಂದು ಗೋಡೆಯ ಸ್ಥಾನ ಬದಲಿಸದ ಕಾರಣಕ್ಕೆ ನೀವು ವರ್ಷಕ್ಕೆ ಹೆಚ್ಚುಕಡಿಮೆ ಎರಡು ಸಲ ಕುಮಟಾಕ್ಕೆ ನಡೆದು ಹೋಗಿ ಬರುತ್ತೀರಿ, ಕೈಯಲ್ಲಿ ಬಕೆಟ್ ಹಿಡಿದು.

ಚಿಕ್ಕಮಾವನವರ ಮಾತನ್ನು ಗೌರವದಿಂದಲೇ ನೋಡೋಣ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಹಳೆಯ ಮನೆಯ ಬಚ್ಚಲಿಗೆ ಹಿತ್ತಿಲ ಕಡೆಯಿಂದ ಬಾಗಿಲಿರುತ್ತಿತ್ತು. ತೋಟದಿಂದ, ಬೆಟ್ಟದಿಂದ ಬಂದವನು ಮಳೆಗೆ ಹೊದ್ದ ಕೊಪ್ಪೆ ಕಳಚಿ, ಕಾಲಿಗೆ ಕಚ್ಚಿದ ಉಂಬಳ (ಜಿಗಣೆ) ಕಿತ್ತು, ಕಾಲು ತೊಳೆದ ಮೇಲೆಯೇ ಒಳಗೆ ಬರುತ್ತಿದ್ದ. ಹಂಡೆಯ ಒಲೆಯ ಬಿಸಿಗೆ ಮೇಲಿನ ಗಳುವಿನ ಮೇಲೆ ಬಟ್ಟೆ ಒಣಗುತ್ತಿತ್ತು. ಸೂರು ಎಷ್ಟು ಕೆಳಕ್ಕೆ ಇಳಿದಿರುತ್ತಿತ್ತು ಎಂದರೆ ಆಷಾಢದ ಗಾಳಿಮಳೆಯೂ ಗೋಡೆಯನ್ನು ಮುಟ್ಟುತ್ತಿರಲಿಲ್ಲ. ಒದ್ದೆ ಕಾಲಿಗೆ ಒಂದು ದಾರಿ, ಒಣ ಕಾಲಿಗೆ ಇನ್ನೊಂದು ದಾರಿ ಎಂಬ ವಿವೇಕ ಆ ಮನೆಗಳಲ್ಲಿತ್ತು. ಇದನ್ನು ನಾವು ಕಳೆದುಕೊಂಡದ್ದು ನಿಜವಾದ ನಷ್ಟ.

ಇನ್ನರ್ಧ ಸತ್ಯವನ್ನು ಹೇಳುವವರು ಕಡಿಮೆ. ಆ ಮನೆಗಳಲ್ಲಿ ಅಡುಗೆಮನೆ ಅತ್ಯಂತ ಕತ್ತಲೆಯ ಜಾಗವಾಗಿತ್ತು. ಕೋಣೆಯಿಂದ ಕೋಣೆಗೆ ಹೊಸ್ತಿಲು ದಾಟಬೇಕು, ತಲೆ ಬಗ್ಗಿಸಬೇಕು, ಬಾವಿಯಿಂದ ಒಲೆಗೆ, ಒಲೆಯಿಂದ ಪಡಸಾಲೆಗೆ ಉದ್ದಕ್ಕೂ ನಡೆಯಬೇಕು. ಅದು ನಡೆಯುತ್ತಿದ್ದುದು ಮನೆಯಲ್ಲಿ ಐದಾರು ಹೆಂಗಸರಿದ್ದುದರಿಂದ. ಅತ್ತೆ, ಓರಗಿತ್ತಿಯರು, ಮದುವೆಗೆ ಇನ್ನೂ ಸಮಯವಿದ್ದ ನಾದಿನಿಯರು, ಎಲ್ಲರ ಕಾಲುಗಳಿಗೆ ಆ ದೂರ ಹಂಚಿಹೋಗುತ್ತಿತ್ತು. ಯಾರೂ ಎಣಿಸಲಿಲ್ಲ, ಯಾರೂ ಕೇಳಲಿಲ್ಲ. ಈಗ ಅದೇ ಉದ್ದದ ಮನೆಯಲ್ಲಿ ಒಬ್ಬಳೇ ಸೊಸೆ, ಅವಳಿಗೂ ಎಂಟೂವರೆಗೆ ಬಸ್ಸು. ಹಿರಿಯರ ಮನೆಯನ್ನು ಇದ್ದಂತೆ ನಕಲು ಮಾಡಿದರೆ ಆರು ಜನರ ನಡಿಗೆಯನ್ನು ನಿಮ್ಮೊಬ್ಬರ ಮಂಡಿಗೆ ಕಟ್ಟಿದಂತಾಗುತ್ತದೆ. ಇನ್ನು ಮೂವತ್ತು ವರ್ಷಕ್ಕೆ ನಿಮ್ಮ ಅತ್ತೆಯ ಮಂಡಿ ನಿಮ್ಮದಾಗಬಾರದು.

ವಾಸ್ತುವಿನ ವಿಷಯದಲ್ಲಿ ನಾನು ಯಾರೊಂದಿಗೂ ಜಗಳಕ್ಕೆ ಹೋಗುವುದಿಲ್ಲ. ಮನೆ ಕಟ್ಟುವಾಗ ಮನಸ್ಸಿನ ನೆಮ್ಮದಿಯೂ ಒಂದು ಸಾಮಗ್ರಿಯೇ. ಆದರೆ ಆಗ್ನೇಯ ಒಂದೇ ದಾರಿ ಎಂಬುದು ಸರಿಯಲ್ಲ. ಅಡುಗೆಮನೆಗೆ ಎರಡನೆಯ ಆಯ್ಕೆಯಾಗಿ ವಾಯವ್ಯವನ್ನು ಒಪ್ಪುವ ವಾಸ್ತು ಪಂಡಿತರು ಬಹಳ ಮಂದಿ ಇದ್ದಾರೆ. ಪೂರ್ವಕ್ಕೆ ಬಾಗಿಲಿರುವ ಮನೆಯಲ್ಲಿ ವಾಯವ್ಯವೆಂದರೆ ಹಿಂದಿನ ಮೂಲೆ, ನಿಮ್ಮ ಬಾವಿ ಮತ್ತು ಕೊಟ್ಟಿಗೆಯ ಪಕ್ಕ. ವಾಸ್ತು ನೋಡಿದವರ ಹತ್ತಿರವೇ ನೇರವಾಗಿ ಕೇಳಿ: ‘ವಾಯವ್ಯ ಆಗುತ್ತದೆಯೇ?’ ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಒಪ್ಪಿಗೆ ಸಿಕ್ಕಿದೆ. ಯಾರೂ ಕೇಳದೆ ಇರುವುದರಿಂದಲೇ ಎಷ್ಟೋ ಒಲೆಗಳು ಮುಂದಿನ ಮೂಲೆಯಲ್ಲಿ ಸಿಕ್ಕಿಬಿದ್ದಿವೆ.

ಎಂಜಿನಿಯರ್ ಹೇಳಿದ ‘ದೊಡ್ಡ ಮನೆ’ ಎಂಬ ಸಮಾಧಾನವನ್ನು ಒಪ್ಪುವುದು ಕಷ್ಟ. ನಿಮ್ಮ ಹಾಲಿಗೆ ಎಷ್ಟು ದಾರಿ ಬಂದು ಸೇರುತ್ತವೆ ಎಂದು ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಎಳೆದು ನೋಡಿ. ಜಗಲಿಯ ಬಾಗಿಲು, ಅಡುಗೆಮನೆ, ಎರಡು ಕೋಣೆ, ಸ್ನಾನದ ಮನೆ, ಮೆಟ್ಟಿಲು, ಹಿಂಬಾಗಿಲು: ಏಳು. ಒಬ್ಬರು ಸಲೀಸಾಗಿ ನಡೆಯಲು ಮೂರು ಅಡಿ ಬೇಕು. ಈ ದಾರಿಗಳನ್ನು ಗುರುತಿಸಿದರೆ 320 ಚದರ ಅಡಿಯ ಹಾಲಿನಲ್ಲಿ ನೂರಕ್ಕೂ ಹೆಚ್ಚು ಚದರ ಅಡಿ ನಡಿಗೆಗೇ ಹೋಗುತ್ತದೆ, ಉಳಿದದ್ದು ತುಂಡು ತುಂಡು. ಕುರ್ಚಿಗೆ ಆನಿಸಿಕೊಳ್ಳಲು ಉದ್ದದ ಗೋಡೆಯೇ ಸಿಗುವುದಿಲ್ಲ. ಬೆಳಿಗ್ಗೆ ಏಳರಿಂದ ಎಂಟೂಕಾಲರವರೆಗೆ ಐದೂ ಜನ ಇದೇ ಹಾಲಿನಲ್ಲಿ ಅಡ್ಡಡ್ಡ ಓಡುತ್ತಾರೆ. ದಾರಿಯನ್ನು ಒಂದು ಅಂಚಿಗೆ ಸರಿಸಿ, ಹಾಲಿಗೆ ಎರಡೇ ಬಾಗಿಲು ಇಟ್ಟರೆ 14 ಅಡಿಗೆ 15 ಅಡಿಯ ಹಾಲು ಈಗಿನದಕ್ಕಿಂತ ದೊಡ್ಡದಾಗಿ ಬಾಳುತ್ತದೆ.

ಈಗ ನಿಮ್ಮ ರೇನ್‌ಕೋಟಿಗೆ ಬರೋಣ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು.

ನಗರದ ಮನೆಯ ನಕ್ಷೆಯಲ್ಲಿ ಬಂದವರ ಜಾಗ, ಮನೆಯವರ ಜಾಗ ಎಂದು ಎರಡು ಭಾಗ ಮಾಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಮೊದಲು ಮಾಡಬೇಕಾದ ಭಾಗ ಒದ್ದೆ ಮತ್ತು ಒಣ. ಜೂನಿನಿಂದ ಸೆಪ್ಟೆಂಬರಿನವರೆಗೆ, ವರ್ಷದ ಮೂರನೆಯ ಒಂದು ಭಾಗ, ಮನೆಗೆ ಬರುವ ಪ್ರತಿಯೊಂದು ವಸ್ತುವೂ ನೀರಿಳಿಸುತ್ತಾ ಬರುತ್ತದೆ. ಕೊಡೆ, ಶಾಲೆಯ ಚೀಲ, ಹುಲ್ಲಿನ ಹೊರೆ, ಕಟ್ಟಿಗೆ, ಬೂಟು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ ದಿನ ನೆನಪಿಸಿಕೊಳ್ಳಿ: ಮೈಲುತುತ್ತ ಮತ್ತು ಸುಣ್ಣದ ನೀಲಿ ನೀರು ಮೈಮೇಲೆ, ಬಟ್ಟೆಯ ಮೇಲೆ. ಆ ಬಟ್ಟೆ ಮನೆಯೊಳಗೆ ಬರಲೇಬಾರದು. ನಿಮ್ಮ ನಕ್ಷೆಯಲ್ಲಿ ಆ ದಿನ ಪತಿ ಸ್ನಾನಕ್ಕೆ ಹೋಗಬೇಕಾದರೆ ಹಾಲನ್ನು ದಾಟಲೇಬೇಕು. ನುಣುಪು ಟೈಲ್ಸಿನ ಮೇಲೆ ಆ ನೀರು ಬಿದ್ದರೆ ಮುಂದೆ ಜಾರುವವರು ನಿಮ್ಮ ಅತ್ತೆ.

ಆದ್ದರಿಂದ ಹಿಂದಿನ ನಾಲ್ಕು ಅಡಿಯ ಯುಟಿಲಿಟಿಯನ್ನು ಬಿಟ್ಟು ಅಲ್ಲಿ 8 ಅಡಿ ಅಗಲ, 20 ಅಡಿ ಉದ್ದದ ಹಿಂಜಗಲಿ ಮಾಡಿಸಿ. ನಾನು ಇದನ್ನು ಒದ್ದೆ ಜಗಲಿ ಎಂದೇ ಕರೆಯುತ್ತೇನೆ. ನೆಲಕ್ಕೆ ಹೊಳಪು ಕೊಡದ ಒರಟು ಕಲ್ಲು, ಎಂಟು ಅಡಿಗೆ ಒಂದೂವರೆ ಇಂಚು ಇಳಿಜಾರು. ಮೊದಲಿಗೆ ಕಾಲು ತೊಳೆಯುವ ನಲ್ಲಿ, ಅದರ ಪಕ್ಕ ರೇನ್‌ಕೋಟಿನ ಗೂಟಗಳು, ಕೆಳಗೆ ಬೂಟು. ನಡುವೆ ಪಾತ್ರೆ ಮತ್ತು ಬಟ್ಟೆಯ ಕಲ್ಲು. ಆ ತುದಿಯಲ್ಲಿ ಬಚ್ಚಲು. ಬಚ್ಚಲಿಗೆ ಎರಡು ಬಾಗಿಲು ಇಡಿಸುವುದನ್ನು ಮಾತ್ರ ಯಾರು ಬೇಡವೆಂದರೂ ಬಿಡಬೇಡಿ: ಒದ್ದೆಯಾಗಿ ಜಗಲಿಯ ಬಾಗಿಲಿನಿಂದ ಒಳಗೆ, ಒಣಗಿ ಇನ್ನೊಂದು ಬಾಗಿಲಿನಿಂದ ಮನೆಯೊಳಗೆ. ಹಂಡೆಯ ಒಲೆ ಇಟ್ಟುಕೊಳ್ಳುವುದಾದರೆ ಅದರ ಹಿಂದಿನ ಗೋಡೆಗೆ ತಾಗಿ ಬಟ್ಟೆ ಒಣಗಿಸುವ ಗಳು ಬರಲಿ. ಒಂದು ವಾರದ ಕಟ್ಟಿಗೆ ಅಲ್ಲಿಯೇ ಹಿಡಿಯಬೇಕು, ಇಲ್ಲವಾದರೆ ಮಳೆಯಲ್ಲಿ ಕಟ್ಟಿಗೆಮನೆಗೆ ಓಡುವವರು ನೀವೇ.

ಇದರ ಅಪಾಯವನ್ನೂ ಹೇಳಬೇಕು. ನಮ್ಮಲ್ಲಿ ಮಳೆ ಬೀಸುವುದು ನೈರುತ್ಯದಿಂದ, ಪಶ್ಚಿಮದಿಂದ. ಬಹಳ ಹಿಂದೆ ಕುಮಟಾ ಕಡೆಯ ಒಂದು ಮನೆಗೆ ನಾನು ಇಂಥದೇ ಜಗಲಿಯನ್ನು ನೈರುತ್ಯಕ್ಕೆ ಮುಖ ಮಾಡಿ, ಎರಡು ಅಡಿ ಸೂರು ಕೊಟ್ಟು ಕಟ್ಟಿಸಿದ್ದೆ. ಮೊದಲ ಮಳೆಗಾಲದಲ್ಲಿಯೇ ಅದು ಉಪಯೋಗಕ್ಕೆ ಬಾರದಾಯಿತು. ಬಟ್ಟೆಯ ಹಗ್ಗ ಹಾಲಿಗೆ ಬಂತು. ಆ ಮನೆಯ ಅಮ್ಮ ನನಗೆ ಏನೂ ಅನ್ನಲಿಲ್ಲ, ಹಗ್ಗದ ಕೆಳಗೇ ಕೂರಿಸಿ ಚಹಾ ಕೊಟ್ಟರು. ಅಂದಿನಿಂದ ಪಶ್ಚಿಮದ ಸೂರನ್ನು ನಾಲ್ಕು ಅಡಿಗಿಂತ ಕಡಿಮೆ ಮಾಡಿಲ್ಲ. ಮೂರು ಅಡಿಯ ಗಿಡ್ಡ ಗೋಡೆ ಎಬ್ಬಿಸಿ, ಅದರ ಮೇಲೆ ಚಿರೆಕಲ್ಲಿನ ಜಾಲಂದ್ರ ಕಟ್ಟುತ್ತೇನೆ. ಗಾಳಿ ಒಳಗೆ ಬರುತ್ತದೆ, ಹನಿಯ ಹೊಡೆತ ಮುರಿಯುತ್ತದೆ. ಚಿರೆಕಲ್ಲು ನೀರು ಕುಡಿಯುವ ಕಲ್ಲು, ಸೂರು ಚಿಕ್ಕದಾದರೆ ಒಳಗೋಡೆಯಲ್ಲಿ ಬೂಷ್ಟು ಖಂಡಿತ.

(ಘಟ್ಟದ ಕೆಳಗಿನ ಓದುಗರಿಗೆ ಒಂದು ಮಾತು. ಕಾರವಾರ, ಅಂಕೋಲಾ ಕಡೆ ಈ ಜಗಲಿಯಲ್ಲಿ ಮೀನು ಕೊಯ್ಯುವ ಕಟ್ಟೆ ಮತ್ತು ಅದಕ್ಕೆ ಬೇರೆಯೇ ಚರಂಡಿ ಬೇಕು. ಗೂಟ, ತಿರುಗಣಿ, ಚಿಲಕಗಳಿಗೆ ಸಾದಾ ಕಬ್ಬಿಣ ಹಾಕಿದರೆ ಉಪ್ಪುಗಾಳಿಗೆ ಬಹಳ ದಿನ ಬಾಳುವುದಿಲ್ಲ.)

ತೆರೆದ ಅಡುಗೆಮನೆಯ ಬಗ್ಗೆ ನೀವು ಏನೂ ಕೇಳಿಲ್ಲ, ಆದರೂ ಹೇಳುತ್ತೇನೆ. ಗೋಡೆ ತೆಗೆದರೆ ನಡಿಗೆ ಕಡಿಮೆಯಾಗುತ್ತದೆ ಎಂಬುದು ಭ್ರಮೆ. ನಡಿಗೆ ನಿರ್ಧಾರವಾಗುವುದು ಒಲೆ, ನೀರು, ಸಾಮಾನು ಇವುಗಳ ನಡುವಿನ ಅಂತರದಿಂದ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ವಸತಿಗಳಿಗಾಗಿ ಮಾರ್ಗರೆಟೆ ಶೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಹೆಂಗಸರ ಹೆಜ್ಜೆಗಳನ್ನು ಲೆಕ್ಕ ಹಾಕಿ ಅಡುಗೆಮನೆ ರೂಪಿಸಿದರು. ಅದರ ಅಳತೆ ಸುಮಾರು 1.9 ಮೀಟರಿಗೆ 3.4 ಮೀಟರ್ ಅಷ್ಟೇ. ಮುಂದೆ 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಫ್ರಿಜ್ ಮೂರನ್ನೂ ಸೇರಿಸುವ ತ್ರಿಕೋನದ ನಿಯಮ ಬಂತು: ಒಂದೊಂದು ಬದಿ 4ರಿಂದ 9 ಅಡಿ, ಮೂರೂ ಸೇರಿ 13ರಿಂದ 26 ಅಡಿ. ನಿಯಮ ಒಳ್ಳೆಯದೇ, ಆದರೆ ಅದು ಒಬ್ಬರೇ ಅಡುಗೆ ಮಾಡುವ ಮನೆಯ ನಿಯಮ. ನಿಮ್ಮಲ್ಲಿ ಹಬ್ಬದ ದಿನ ಒಬ್ಬರು ಒಲೆಯ ಹತ್ತಿರ, ಇನ್ನೊಬ್ಬರು ಗ್ರೈಂಡರಿನ ಹತ್ತಿರ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತೀರಿ. ಎರಡು ಕಟ್ಟೆಗಳ ನಡುವೆ ನಾಲ್ಕು ಅಡಿ ಬಿಡಿ. ಕಟ್ಟೆಯ ಎತ್ತರವನ್ನು ಮೇಸ್ತ್ರಿಯ ಅಂದಾಜಿಗೆ ಬಿಡಬೇಡಿ, ನೀವು ನಿಂತು ಮೊಣಕೈ ಮಡಿಸಿ, ಅಲ್ಲಿಂದ ನಾಲ್ಕೈದು ಇಂಚು ಕೆಳಗೆ ಗುರುತು ಹಾಕಿಸಿ. ಹಾಲಿಗೆ ತೆರೆಯುವ ಬದಲು ಊಟದ ಜಾಗಕ್ಕೆ ನಾಲ್ಕು ಅಡಿಯ ಕಿಂಡಿ ಸಾಕು. ಮಿಕ್ಸಿಯ ಸದ್ದು, ಒಗ್ಗರಣೆಯ ಘಾಟು ಓದುವ ಮಕ್ಕಳ ತನಕ ಹೋಗುವುದಿಲ್ಲ.

ಅತ್ತೆಯವರ ವಿಷಯದಲ್ಲಿ ಹಗಲಿನ ದಾರಿಗಿಂತ ರಾತ್ರಿಯ ದಾರಿ ಮುಖ್ಯ. ನಕ್ಷೆಯಲ್ಲಿ ಅವರು ಹಾಸಿಗೆಯಿಂದ ಎದ್ದು ಹಾಲನ್ನು ದಾಟಿ ಶೌಚಾಲಯಕ್ಕೆ ಹೋಗಬೇಕು. ರಾತ್ರಿ ಎರಡು ಗಂಟೆಗೆ, ಕರೆಂಟ್ ಇಲ್ಲದ ಮಳೆಗಾಲದಲ್ಲಿ. ಮಹಡಿಯ ಕೋಣೆಗೆ ಅಂಟಿಕೊಂಡಿರುವ ಸ್ನಾನದ ಮನೆಯನ್ನು ಅಲ್ಲಿಂದ ತೆಗೆದು ಅವರ ಕೋಣೆಗೆ ಕೊಡಿ. ಹಾಸಿಗೆಯಿಂದ ಹತ್ತು ಹೆಜ್ಜೆಯೊಳಗೆ, ನಡುವೆ ಹೊಸ್ತಿಲಿಲ್ಲದೆ. ಹೊಸ್ತಿಲು ಪೂಜೆಗೆ ಮುಂಬಾಗಿಲು ಒಂದಿದ್ದರೆ ಸಾಕು, ಒಳಗಿನ ಹೊಸ್ತಿಲುಗಳು ಎಡವುವುದಕ್ಕಷ್ಟೇ. ನೀರು ಕೋಣೆಗೆ ಬರದಂತೆ ಬಾಗಿಲಿನುದ್ದಕ್ಕೂ ಜಾಲರಿಯ ಚರಂಡಿ ಹಾಕಿಸಬಹುದು. ಆ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಬಿದ್ದವರನ್ನು ಎತ್ತಲು ಬಾಗಿಲನ್ನೇ ಒಡೆಯಬೇಕಾಗಿ ಬಂದದ್ದನ್ನು ನಾನು ಕಂಡಿದ್ದೇನೆ. ಬಾಗಿಲ ಅಗಲ ಮೂರು ಅಡಿ ಇರಲಿ, ಮುಂದೆ ಗಾಲಿಕುರ್ಚಿ ಬಂದರೂ ದಾಟುತ್ತದೆ. ಕೋಣೆ ಊಟದ ಜಾಗಕ್ಕೆ ತಾಗಿಕೊಂಡಿರಲಿ, ನೀವು ಅಡುಗೆಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆಗ್ನೇಯದಲ್ಲಿ ತೆರವಾದ ಮೂಲೆಯನ್ನು ಮಕ್ಕಳ ಓದಿಗೆ ಬಿಡಿ, ಬೆಳಗಿನ ಬೆಳಕು ಅಲ್ಲಿ ಚೆನ್ನಾಗಿರುತ್ತದೆ.

ಮುಂದಿನ ಮೆಟ್ಟಿಲಿಗೆ ಇಳಿಜಾರು ಹಾಕಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದಕ್ಕೆ ಹನ್ನೆರಡರ ಇಳಿಜಾರು ಬೇಕು, ಅಂದರೆ ಎರಡು ಅಡಿ ತಳಪಾಯಕ್ಕೆ 24 ಅಡಿ ಉದ್ದ. ಅಂಗಳದಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಕಡಿದಾದ ಇಳಿಜಾರಿಗಿಂತ ಐದು ಇಂಚಿನ ಗಿಡ್ಡ ಮೆಟ್ಟಿಲು, ಎರಡೂ ಕಡೆ ಹಿಡಿಕೆ ಹೆಚ್ಚು ಸುರಕ್ಷಿತ. ಒಳಗಿನ ಮೆಟ್ಟಿಲಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಮಿತಿ ಎತ್ತರ 190 ಮಿ.ಮೀ. ಮೀರಬಾರದು, ಅಗಲ 250 ಮಿ.ಮೀ.ಗಿಂತ ಕಡಿಮೆಯಾಗಬಾರದು ಎಂದು. ಅದು ಮಿತಿ ಮಾತ್ರ, ಸುಖದ ಅಳತೆಯಲ್ಲ. ಹತ್ತು ಅಡಿ ಎತ್ತರವನ್ನು ಹದಿನೆಂಟು ಮೆಟ್ಟಿಲಾಗಿ ಹಂಚಿ, ಹನ್ನೊಂದು ಇಂಚು ಅಗಲ ಕೊಡಿ. ಮೆಟ್ಟಿಲು ಹಾಲಿನ ನಡುವಿನಿಂದ ಜಗಲಿಗೆ ಹತ್ತಿರದ ಮೂಲೆಗೆ ಹೋಗಲಿ. ಕೊಯ್ಲಿನ ಕಾಲದಲ್ಲಿ ಅಡಿಕೆ ಚೀಲ ಹೊತ್ತವರು ಮನೆಯನ್ನೆಲ್ಲ ಸುತ್ತಬೇಕಾಗುವುದಿಲ್ಲ.

ಅಡಿಕೆ ಎಂದ ಮೇಲೆ ಅಂಗಳದ ಬಿಸಿಲು. ನಿಮ್ಮ ಅಂಗಳ ಮನೆಯ ಪೂರ್ವಕ್ಕಿದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ 22 ಅಡಿ ಎತ್ತರದ ಗೋಡೆಯ ನೆರಳು ಪೂರ್ವಕ್ಕೆ ಸುಮಾರು 27 ಅಡಿ ಚಾಚುತ್ತದೆ. ಮಹಡಿಯ ಕೋಣೆ ಮುಂಬದಿಯಲ್ಲಿದ್ದರೆ ಅಡಿಕೆಯನ್ನು ಬಿಸಿಲಿಗಾಗಿ ದಿನಾ ಎಳೆದಾಡಬೇಕಾಗುತ್ತದೆ. ಕೋಣೆಯನ್ನು ಮನೆಯ ಹಿಂಭಾಗದ ಮೇಲೆ ತಂದರೆ ಆ ಕೆಲಸ ತಪ್ಪುತ್ತದೆ.

ಹಾಗಾದರೆ ಏನು ಮಾಡಬಹುದು? ನಾನು ನಿಮ್ಮ ಜಾಗದಲ್ಲಿದ್ದರೆ ಅಡುಗೆಮನೆಯನ್ನು ವಾಯವ್ಯಕ್ಕೆ ತಂದು, ಒದ್ದೆ ಜಗಲಿ ಸೇರಿಸಿ ನಕ್ಷೆಯನ್ನು ಮತ್ತೆ ಬರೆಸುತ್ತಿದ್ದೆ. ಒಂದೆರಡು ತಿಂಗಳು ತಡವಾಗುತ್ತದೆ, ಹಿಂಜಗಲಿಯ ಮಾಡಿನ ಖರ್ಚು ಬೀಳುತ್ತದೆ, ಹಾಲು ಸಣ್ಣದಾಯಿತೆಂದು ನೆಂಟರು ಮಾತಾಡುತ್ತಾರೆ. ಆಗ್ನೇಯ ಬಿಡಲು ಮನೆಯವರು ಒಪ್ಪದಿದ್ದರೆ ಒಲೆ ಅಲ್ಲಿಯೇ ಇರಲಿ, ಆದರೆ ದಕ್ಷಿಣದ ಗೋಡೆಯಲ್ಲಿ ಅಡುಗೆಮನೆಗೆ ಹೊರಬಾಗಿಲು ಇಟ್ಟು, ಮನೆಯ ಪಕ್ಕದುದ್ದಕ್ಕೂ ಮಾಡು ಇಳಿಸಿದ ದಾರಿಯನ್ನು ಹಿತ್ತಿಲಿಗೆ ಕೊಂಡೊಯ್ಯಿರಿ. ದೂರ ಹಾಗೆಯೇ ಉಳಿಯುತ್ತದೆ, ಹಾಲ್ ಮಾತ್ರ ಒಣಗಿರುತ್ತದೆ. ನೈರುತ್ಯದ ಮಳೆ ಆ ದಾರಿಗೆ ಹೊಡೆಯುತ್ತದೆ, ಅಲ್ಲಿಯೂ ಸೂರು ಉದ್ದವಿರಬೇಕು.

ಮೂರನೆಯದು ಹಳೆಯ ಮನೆಯ ಹಿಂಭಾಗವನ್ನು, ಬಚ್ಚಲು ಮತ್ತು ಅದರ ಪಕ್ಕದ ಕೋಣೆಯನ್ನು, ಉಳಿಸಿಕೊಂಡು ಮುಂದೆ ಹೊಸದು ಕಟ್ಟುವುದು. ಕೇಳಲು ಅಗ್ಗವೆನಿಸುತ್ತದೆ. ಆದರೆ ಮಣ್ಣಿನ ಗಾರೆಯ ಹಳೆಯ ಗೋಡೆ ಮತ್ತು ಹೊಸ ಅಡಿಪಾಯ ಒಂದೇ ರೀತಿ ಕೂರುವುದಿಲ್ಲ, ಸೇರುವಲ್ಲಿ ಬಿರುಕು ಬರುತ್ತದೆ. ಎರಡು ಮಾಡುಗಳು ಕೂಡುವ ಕಣಿವೆಯಲ್ಲಿ ದರಕು (ಒಣ ಎಲೆ) ತುಂಬಿ ನೀರು ಸೋರುತ್ತದೆ. ಗೋಡೆಗಳನ್ನು ಒಂದಕ್ಕೊಂದು ಬೆಸೆಯದೆ, ನಡುವೆ ಮೂರು ಅಡಿ ಬಿಟ್ಟು ಮೇಲೆ ಮಾತ್ರ ಮಾಡು ಹೊದಿಸುವುದಾದರೆ ಇದು ಒಳ್ಳೆಯ ದಾರಿಯೇ. ಹಳೆಯ ಗೋಡೆ ಗಟ್ಟಿಯಾಗಿದೆಯೇ ಎಂದು ಮೊದಲು ಯಾರಾದರೂ ತಿಳಿದವರಿಂದ ನೋಡಿಸಬೇಕು.

ಯಾವುದನ್ನು ಆರಿಸಿಕೊಂಡರೂ ಅಡಿಪಾಯ ತೋಡುವ ಮೊದಲು ಒಂದು ಕೆಲಸ ಮಾಡಿ. ಅಂಗಳದಲ್ಲಿ ಇಡೀ ನಕ್ಷೆಯನ್ನು ಪೂರ್ತಿ ಅಳತೆಯಲ್ಲಿ ಸುಣ್ಣದ ಪುಡಿಯಿಂದ ಎಳೆಯಿರಿ. ಜಾಗ ಸಾಲದಿದ್ದರೆ ಕೊಯ್ಲಾದ ಗದ್ದೆಯೂ ಆಗುತ್ತದೆ. ಬಾಗಿಲಿಗೆ ಅಡಿಕೆ ದಬ್ಬೆ ನೆಡಿ, ಒಲೆಯ ಜಾಗದಲ್ಲಿ ಕಲ್ಲಿಡಿ. ಒಂದು ಭಾನುವಾರ ಮಳೆಗಾಲದ ಸೋಮವಾರ ಬೆಳಗಿನಂತೆ ನಡೆಯಿರಿ: ಪತಿ ಹಾಲು ಕರೆದು ಬರಲಿ, ಮಕ್ಕಳು ಸ್ನಾನಕ್ಕೆ ಹೊರಡಲಿ, ನೀವು ಡಬ್ಬಿ ಕಟ್ಟಿ. ಇಬ್ಬರು ಎಲ್ಲಿ ಡಿಕ್ಕಿಯಾಗುತ್ತೀರೋ ಅಲ್ಲಿ ಒಂದು ಕಲ್ಲು ಹಾಕಿ. ಎಲ್ಲಿ ಮೂರಕ್ಕಿಂತ ಹೆಚ್ಚು ಕಲ್ಲು ಬಿದ್ದಿವೆಯೋ ಅಲ್ಲಿನ ಬಾಗಿಲನ್ನು ಸರಿಸಲು ಎಂಜಿನಿಯರಿಗೆ ಹೇಳಿ. ಅತ್ತೆಯವರಿಗೆ ಜಗಲಿಯ ಗೆರೆಯೊಳಗೆ ಒಂದು ಕುರ್ಚಿ ಹಾಕಿ ಕೂರಿಸಿ. ಅಲ್ಲಿಂದ ಅಂಗಳಕ್ಕೆ ಬಂದವರು ಯಾರು ಎಂದು ಕಾಣಬೇಕು, ಒಳಗೆ ಊಟದ ಜಾಗದಲ್ಲಿ ನೀವೂ ಕಾಣಬೇಕು. ಕಾಣದಿದ್ದರೆ ಕುರ್ಚಿಯನ್ನು ಅವರೇ ಹೇಳಿದ ಕಡೆಗೆ ಸರಿಸಿ, ಜಗಲಿಯ ಗೆರೆಯನ್ನು ಅಲ್ಲಿಗೆ ಎಳೆಯಿರಿ.